ರೊಟ್ಟಿಗೆ ರಜೆ ಕೊಟ್ಟ ಸಂಜೆ

ದಣಿದ ಮನುಷ್ಯ ಯಾರು ಏನು ಹೇಳಿದರೂ ನಂಬುತ್ತಾನೆ. ‘ಹತ್ತೇ ನಿಮಿಷದಲ್ಲಿ ಜಪಾನಿ ನೂಡಲ್ಸ್’ ಎಂದು ಮಗಳು ಮೊಬೈಲಿನಲ್ಲಿ ತೋರಿಸಿದ್ದನ್ನು ನಾನೂ ನಂಬಿದೆ. ನನ್ನ ಹೆಂಡತಿ ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ಎರಡನೇ ಪಾಳಿ ಬಿದ್ದಾಗ ಸೈದಾಪುರದ ನಮ್ಮ ಮನೆಯಲ್ಲಿ ಸಂಜೆಯ ರೊಟ್ಟಿ ನನ್ನ ಪಾಲು. ಇಡೀ ದಿನ ಶಾಲೆಯಲ್ಲಿ ಕೂಗಿ ಬಂದು, ಕಾದ ಹಂಚಿನ ಮುಂದೆ ಕೂತು ಜೋಳದ ಹಿಟ್ಟು ನಾದಿ ಬಡಿಯುವಷ್ಟರಲ್ಲಿ ರಟ್ಟೆಗಳು ನನ್ನವಲ್ಲ ಅನಿಸುತ್ತದೆ. ಮೊದಮೊದಲು ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಬಡಿಯುತ್ತಿದ್ದೆ. ಓಣಿಯ ಹೆಂಗಸರು “ಸರ್ ರೊಟ್ಟಿ ಹಾಳಿ ಹಂಗ ತೆಳ್ಳಗ ಇರ್ತಾವ ನೋಡ್ರಿ” ಎಂದು ಹೊಗಳಿದ ದಿನದಿಂದ ಬಾಗಿಲು ತೆರೆದೇ ಇಟ್ಟಿದ್ದೇನೆ. ಹೊಗಳಿಕೆಯಿಂದ ರಟ್ಟೆ ನೋವು ಮಾತ್ರ ಕಡಿಮೆಯಾಗಿಲ್ಲ. ನನಗೆ ಬೇಕಿದ್ದದ್ದು ರೊಟ್ಟಿಯಿಲ್ಲದ ಒಂದೇ ಒಂದು ಸಂಜೆ.

ಹತ್ತು ನಿಮಿಷ ಎಂದ ಆ ವಿಡಿಯೋದವನು ಎಲೆಕೋಸು ಹೆಚ್ಚುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನೂಡಲ್ಸ್ ಕುದಿಸಿ, ತಣ್ಣೀರಲ್ಲಿ ತೊಳೆದು, ಉಳ್ಳಾಗಡ್ಡಿ, ಗಜ್ಜರಿಯ ಜೊತೆ ಜೋರು ಉರಿಯಲ್ಲಿ ಹುರಿದು, ಸೋಯಾ ಸಾಸ್ ಸುರಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಆದರೂ ಕೈಗೆ ಹಿಟ್ಟು ಹತ್ತಿರಲಿಲ್ಲ, ಅಷ್ಟಕ್ಕೇ ಖುಷಿಯಾಗಿದ್ದೆ. ಅವ್ವ ಒಂದು ತುತ್ತು ತಿಂದು, “ಪಲ್ಯ ಚಲೋ ಆಗ್ಯಾದಪ್ಪ. ರೊಟ್ಟಿ ಎಲ್ಲಿ?” ಎಂದಳು.

“ಇವತ್ತಿಗಿ ಇದೇ ಊಟ ಯವ್ವಾ.”

“ಇದು ಊಟ ಹೆಂಗ ಆಗ್ತದ?”

ಹುಣಸಗಿಯ ಕಡೆಯ ನಮ್ಮ ಹುಟ್ಟೂರಿಗೆ ಕಾಲುವೆ ಬಂದು ನಮ್ಮ ಹೊಲದಲ್ಲೇ ಭತ್ತ ಬೆಳೆದಾಗಲೂ ಅನ್ನವನ್ನು ಊಟವೆಂದು ಒಪ್ಪದ ಹೆಂಗಸು ಅವಳು, ಜಪಾನಿಗೆ ಒಪ್ಪುವಳೇ? ನಾನೂ ಜಗ್ಗಲಿಲ್ಲ. ಹಂಚನ್ನು ಎತ್ತಿ ಅಟ್ಟದ ಮೇಲಿಟ್ಟೆ.

ಆಗ ಪಕ್ಕದ ಮನೆಯ ಶರಣಮ್ಮ ಗೋಡೆಯಾಚೆಯಿಂದ ಕೂಗಿದರು: “ಯಾಕ್ರಿ ಸರ್, ಇವತ್ತ ರೊಟ್ಟಿ ಬಡಿಯೋ ಸಪ್ಪಳಾನೇ ಇಲ್ಲ? ಮೈಯಾಗ ಆರಾಮಿಲ್ಲೇನ್ರಿ? ನಾಕು ರೊಟ್ಟಿ ಕೊಡ್ತೀನಿ, ತಗೋರಿ.”

‘ಹೌದ್ರಿ, ಕೊಡ್ರಿ’ ಎಂದಿದ್ದರೆ ಮುಗಿಯುತ್ತಿತ್ತು. ಅವ್ವನಿಗೆ ರೊಟ್ಟಿ, ನನಗೆ ವಿಶ್ರಾಂತಿ. ಬಾಯಿಗೆ ಬಂದದ್ದೇ ಬೇರೆ.

“ಏ, ಅಂಥಾದ್ದೇನಿಲ್ರಿ ಶರಣಮ್ಮಾರ! ಈಗ ಸುರು ಮಾಡಾಕತ್ತೇನ್ರಿ.”

ಮಗಳು ಬಾಯಲ್ಲಿ ನೂಡಲ್ಸ್ ಇಟ್ಟುಕೊಂಡು ನನ್ನನ್ನೇ ನೋಡಿದಳು. ನಾನು ಅವಳ ಕಡೆ ನೋಡದೆ ಹಂಚು ಇಳಿಸಿ ಹಿಟ್ಟು ನಾದಿದೆ. ಬಡಿದದ್ದು ನಾಲ್ಕೇ ರೊಟ್ಟಿ. ಗೋಡೆಯಾಚೆ ಚೆನ್ನಾಗಿ ಕೇಳಲೆಂದು ಸಪ್ಪಳ ಮಾತ್ರ ಎಂಟು ರೊಟ್ಟಿಯಷ್ಟು ಮಾಡಿದೆ.