ಮಾತಾಡಿದರೆ ಕೆಡುವ ಮದ್ದು

ರೋಗಿಯನ್ನು ಶಾಂತಚಿತ್ತದಿಂದ ಪರೀಕ್ಷಿಸಿ, ನಾಲ್ಕು ಒಳ್ಳೆಯ ಮಾತಾಡಿ, ಆಮೇಲೆ ಔಷಧ ಕೊಡುವುದು ವೈದ್ಯನಾದವನ ಮೊದಲ ಧರ್ಮ. ನಮ್ಮ ಕಾಕಾ ರೋಗಿಯ ಮುಖವನ್ನೇ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ರೋಗಿಯ ಯಜಮಾನನ ಉಗುರು. ನೋಡಿದ ಮೇಲೆ ಬೈಯುತ್ತಿದ್ದರು. ರೋಗಿ ಆಕಳೋ ಎಮ್ಮೆಯೋ ಆಗಿರುತ್ತಿದ್ದುದರಿಂದ ಅದಕ್ಕೆ ಈ ವ್ಯವಸ್ಥೆಯ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ನನಗೆ. ಇಂದಿಗೂ ಇದೆ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಘೋಡಗೇರಿಯಲ್ಲಿ ಹೊಲ ಮನೆ ನೋಡಿಕೊಂಡಿದ್ದರು. ಗೋಕಾಕದಿಂದ ಹುಕ್ಕೇರಿಯವರೆಗೆ ಯಾರ ಮನೆಯ ದನಕ್ಕೆ ಕೆಚ್ಚಲು ಬಾತರೂ, ಹಾಲಿನಲ್ಲಿ ಕೀವು ನೆತ್ತರು ಕಂಡರೂ ಜನ ಓಡುತ್ತಿದ್ದದ್ದು ಇವರಲ್ಲಿಗೆ. ಮದ್ದೇನು ದೇವಲೋಕದ್ದೇ? ಹಿತ್ತಲಿನ ಲೋಳೆಸರ, ಅಡುಗೆಮನೆಯ ಅರಿಷಿಣ, ಎಲೆಗೆ ಹಚ್ಚುವ ಸುಣ್ಣ! ಮೂರನ್ನೂ ಕಲ್ಲಿನಲ್ಲಿ ಅರೆದರೆ ನೆತ್ತರಿನಂತೆ ಕೆಂಪಗಾಗುತ್ತಿತ್ತು. ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ಚೆಲ್ಲಿ, ಕೆಚ್ಚಲು ತೊಳೆದು, ಇದನ್ನು ದಿನಕ್ಕೆ ಹತ್ತು ಸಲ ಹಚ್ಚಬೇಕು. ಇಷ್ಟೇ. ಇಷ್ಟನ್ನು ಹೇಳಲಿಕ್ಕೆ ಕಾಕಾಗೆ ಅರ್ಧ ದಿನ ಬೇಕಾಗುತ್ತಿತ್ತು, ಯಾಕೆಂದರೆ ಒಂದೊಂದು ಮಾತಿನ ನಡುವೆ ಒಂದೊಂದು ಬೈಗುಳಕ್ಕೆ ಜಾಗ ಬಿಡಬೇಕಲ್ಲ!

ಒಮ್ಮೆ ಕಲ್ಲೋಳಿಯ ಸಾಹುಕಾರರೊಬ್ಬರು ಜರಿಯ ರುಮಾಲು ಸುತ್ತಿ, ಎಮ್ಮೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಬಂದರು. ಅಂದು ನಾನೂ ಅಲ್ಲಿದ್ದೆ, ನನ್ನ ದುರ್ದೈವ.

"ನಮ್ಮ ಎಮ್ಮಿಗೆ ಯಾರದೋ ಕಣ್ ಬಿದ್ದೈತ್ರಿ," ಅಂದರು ಸಾಹುಕಾರರು.

"ಹಾಲ ಯಾರ್ ಹಿಂಡತಾರ್ರಿ?" ಕಾಕಾ ಕೇಳಿದರು.

"ನಾನ ಹಿಂಡತೇನ್ರಿ. ಬ್ಯಾರೆದವ್ರಿಗೆ ಕೈ ಹಚ್ಚಗೊಡೂದಿಲ್ಲ."

"ತೋರ್ಸರಿ ಕೈ."

ಭವಿಷ್ಯ ಹೇಳುತ್ತಾರೆಂದುಕೊಂಡು ಸಾಹುಕಾರರು ಸಂತೋಷದಿಂದ ಅಂಗೈ ಚಾಚಿದರು. ಕಾಕಾ ಅದನ್ನು ಮಗುಚಿ ಹಾಕಿ, ಉಂಗುರಗಳನ್ನು ದಾಟಿ, ಉಗುರಿಗೆ ಬಂದರು.

"ಸಾವ್ಕಾರ್ರ, ಯಾರ ಕಣ್ಣೂ ಬಿದ್ದಿಲ್ಲರಿ. ಬ್ಯಾನಿ ನಿಮ್ಮ ಉಗರಾಗ ಐತಿ. ಈ ಉಗರಾಗ ಜ್ವಾಳಾ ಬಿತ್ತಿದ್ರ ಮಳಿ ಇಲ್ಲದ ಬೆಳಿ ಬರತೈತಿ!"

ಇಡೀ ಓಣಿಯ ಎದುರಿಗೆ ಆ ದೊಡ್ಡ ಮನುಷ್ಯನನ್ನು ಕಟ್ಟೆಯ ಮೇಲೆ ಕೂರಿಸಿ, ಬಿಸಿನೀರಿನಲ್ಲಿ ಕೈ ಅದ್ದಿಸಿ, ಕ್ಷೌರಿಕನನ್ನು ಕರೆಸಿ ಉಗುರು ತೆಗೆಸಿದರು. ಎಮ್ಮೆ ಮೆಲುಕು ಹಾಕುತ್ತ ಎಲ್ಲವನ್ನೂ ನೋಡಿತು. ಮರ್ಯಾದಸ್ಥರನ್ನು ನಡೆಸಿಕೊಳ್ಳುವ ರೀತಿಯೇ ಇದು? ಸಾಹುಕಾರರು ಹಲ್ಲು ಕಡಿಯುತ್ತ ಹೋದರು. ವಾರದೊಳಗೆ ಎಮ್ಮೆ ಗುಣವಾದ ಮೇಲಂತೂ ಅವರ ಸಿಟ್ಟು ಇಮ್ಮಡಿಯಾಯಿತಂತೆ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಕಾಕಾನ ನೇಮ. ಮೊದಲ ಸಲ ಹಚ್ಚುವ ಮದ್ದನ್ನು ಅವರೇ ಅರೆದು ಕೊಡುತ್ತಿದ್ದರು. ಅದು ಕೈಗೆ ಬಂದ ಕ್ಷಣದಿಂದ ಕೆಚ್ಚಲಿಗೆ ತಗಲುವವರೆಗೆ ಒಯ್ಯುವವನು ತುಟಿ ಬಿಚ್ಚುವಂತಿಲ್ಲ. ಒಂದು ಶಬ್ದ ಆಡಿದರೆ ಮದ್ದಿನ ಗುಣ ಹೋಯಿತು, ಮೇಲೊಂದು ಶಾಪ! ಇಂಥ ನೇಮ ಮಾಡಿದವರು ಯಾರು? ನಿದ್ದೆಯಲ್ಲೂ ಬಾಯಿ ಮುಚ್ಚದ, ತುತ್ತು ಮಾತಿಗೆ ಅಡ್ಡ ಬಂದರೆ ತುತ್ತನ್ನೇ ತಾಟಿನಲ್ಲಿ ಇಟ್ಟುಬಿಡುವ ನಮ್ಮ ಕಾಕಾ!

ಆಗ ನಾನು ಗೋಕಾಕದ ಕೋರ್ಟಿನಲ್ಲಿ ಕಾರಕೂನ. ನಮ್ಮ ಕೆಂದಿ ಆಕಳಿಗೆ ಮೊದಲ ಸಲ ಕೆಚ್ಚಲು ಬಾತಾಗ ಘೋಡಗೇರಿಗೆ ಹೋಗಿ, ಎಲೆಯಲ್ಲಿ ಕಟ್ಟಿದ ಮದ್ದು ಹಿಡಿದು, ತುಟಿ ಹೊಲಿದುಕೊಂಡವನಂತೆ ಹೊರಟೆ. ಗೋಕಾಕದ ಪೇಟೆಯಲ್ಲಿ ಎದುರಾದವರು ಯಾರು? ನಮ್ಮ ಶಿರಸ್ತೇದಾರರು!

"ಏನ್ರಿ, ನಿನ್ನಿ ಕೇಳಿದ ಕಾಗದ ಎಲ್ಲಿ ಇಟ್ಟೀರಿ?"

ನಾನು ಕೈ ಮುಗಿದೆ.

"ಕಾಗದ ಎಲ್ಲೈತಿ ಅಂದ್ನಿ."

ಇನ್ನೂ ಭಕ್ತಿಯಿಂದ ಕೈ ಮುಗಿದೆ. ಅಂಗೈಗಳ ನಡುವೆ ಎಲೆ ಒಡೆದು ಕೆಂಪು ಮದ್ದು ಮುಂಗೈ ಮೇಲೆ ಇಳಿಯಿತು. ಶಿರಸ್ತೇದಾರರು ನನ್ನನ್ನೂ ಆ ಕೆಂಪನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಮರುದಿನ ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ನನ್ನ ಜೊತೆಗಿದ್ದದ್ದು ಗೆದ್ದಲು. ಅದೂ ಮಾತಾಡುತ್ತಿರಲಿಲ್ಲ.

ಆ ರವಿವಾರ ಘೋಡಗೇರಿಗೆ ಹೋಗಿ ಜಗಳ ತೆಗೆದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯ ಹುಚ್ಚಾ, ಶಾಪಾ ಎಲ್ಲಿಂದ ಬರತೈತೋ! ಅದು ನಾ ಕಟ್ಟಿದ ಸುಳ್ಳು. ಅರೆದ ಮದ್ದ ಹೊತ್ತ ಏರಿದ್ರ ಕೆಡತೈತಿ. ಲಗೂನ ಹೋಗ್ರಿ ಅಂದ್ರ ನಮ್ಮ ಮಂದಿ ಕೇಳ್ತಾರೇನು? ಒಬ್ಬಾವ ಬೀಗರ ಮನ್ಯಾಗ ಚಾ ಕುಡ್ಯಾಕ ಕುಂದರತಾನ, ಇನ್ನೊಬ್ಬಾವ ಕಟ್ಟಿ ಮ್ಯಾಲ ಹರಟಿ ಹೊಡ್ಯಾಕ ಕುಂದರತಾನ. ಬಾಯಿ ಮುಚ್ಚಿಸಿದ್ರ ಕಾಲು ತಾವ ಓಡತಾವ!"

"ನನಗರೆ ಖರೇ ಹೇಳಬಾರದೇನ್ರಿ ಕಾಕಾ?"

"ನಿನಗ ಹೇಳಿದ್ರ ಎಲ್ಲಾರಕಿಂತ ಮೊದಲ ನೀನ ಕುಂದರತಿದ್ದಿ!"

ನನ್ನ ನೌಕರಿಗೆ ಗೆದ್ದಲು ಹತ್ತಿಸಿದ ಸುಳ್ಳನ್ನು ಒಬ್ಬ ಮನುಷ್ಯ ಇಷ್ಟು ಹೆಮ್ಮೆಯಿಂದ ಒಪ್ಪಿಕೊಳ್ಳಬಹುದೇ! ಆಕಳು ಗುಣವಾಗಿತ್ತು ಎಂಬುದು ಬೇರೆ ಮಾತು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಬಂದೆ. ವರ್ಷವಾದರೂ ತುಳಿಯಲಿಲ್ಲ.

ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದಳು. ಬಾಣಂತಿಗೆ ಜ್ವರ ಬಂದು ಎದೆಹಾಲು ನಿಂತಿತು. ಕೂಸಿಗೆ ಒಗ್ಗಿದ್ದು ಕೆಂದಿಯ ಹಾಲೊಂದೇ. ಆಗಲೇ ಕೆಂದಿಯ ಕೆಚ್ಚಲು ಮತ್ತೆ ಕಲ್ಲಿನಂತೆ ಬಾತುಕೊಂಡಿತು. ದನದ ಡಾಕ್ಟರು ಹಳ್ಳಿಗಳ ತಿರುಗಾಟದಲ್ಲಿದ್ದರು. ಮದ್ದು ನಾನೇ ಅರೆದೆ. ಹಿಂಡಲು ಕೂತರೆ ಕೆಂದಿ ನೋವಿಗೆ ಒದೆಯುತ್ತಿತ್ತು. ಮದ್ದೆಲ್ಲ ನನ್ನ ಧೋತರಕ್ಕೆ ಹತ್ತಿತು. ಬಾಜೂ ಮನೆಯ ಬೀಬಿ ತಮ್ಮ ಆಡಿನ ಹಾಲು ತಂದು ಕೊಟ್ಟರು. ಕೂಸು ಕುಡಿದದ್ದರಲ್ಲಿ ಅರ್ಧ ಕಾರುತ್ತಿತ್ತು. ಎರಡು ದಿನದಲ್ಲಿ ಅದರ ಅಳುವ ದನಿ ಸಣ್ಣದಾಯಿತು. ಕಾಕಾಗೆ ನಾನು ಯಾವ ಮುಖದಿಂದ ಹೇಳಿ ಕಳಿಸಲಿ? ನನ್ನನ್ನು ಕೇಳದೆ ಹೆಂಡತಿಯೇ ಘೋಡಗೇರಿಯ ಗಾಡಿಯವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದಳು.

ಮರುದಿನ ಮುಂಜಾನೆ ಅದೇ ಗಾಡಿ ಬಾಗಿಲಲ್ಲಿ ನಿಂತಿತು. ಕಾಕಾ ಇಳಿದರು. ಬಗಲಲ್ಲಿ ಒದ್ದೆ ಅರಿವೆಯಲ್ಲಿ ಸುತ್ತಿದ ಲೋಳೆಸರದ ಇಡೀ ಎಲೆಗಳು.

"ಬರ್ರಿ ಕಾಕಾ," ಎಂದೆ. ಉತ್ತರವಿಲ್ಲ.

"ಆರಾಮ ಅದೀರಿಲ್ರಿ?" ಹೆಂಡತಿ ಒಳಗಿನಿಂದ ಕೇಳಿದಳು. ಅವಳಿಗೂ ಉತ್ತರವಿಲ್ಲ. ಕಾಕಾ ನೇರ ಕೊಟ್ಟಿಗೆಗೆ ನಡೆದರು.

ನನ್ನ ಮೈ ಉರಿಯಿತು. ನನ್ನ ಮೇಲಿನ ಸಿಟ್ಟನ್ನು ಜ್ವರದಲ್ಲಿ ಮಲಗಿದ ಬಾಣಂತಿಯ ಮೇಲೂ ತೋರಿಸುವುದೇ? ಗಾಡಿಯವನು ಎತ್ತು ಬಿಚ್ಚುತ್ತ ನನ್ನ ಕಿವಿಯ ಹತ್ತಿರ ಬಂದ.

"ಸಾಹೇಬ್ರ, ಅವ್ರಿಗೆ ಏನರೆ ಆಗೇತೇನ್ರಿ? ಘೋಡಗೇರಿಯಿಂದ ಇಲ್ಲೀತನಕ ಒಂದ ಮಾತ ಆಡಿಲ್ರಿ. ಕತ್ತಲಾಗ ನಾ ಹಾದಿ ತಪ್ಪಿದಾಗೂ ಬೈಲಿಲ್ಲ, ಕೈ ಸನ್ನಿ ಮಾಡಿದ್ರು. ನನಗ ಅಂಜಿಕಿನ ಬಂತ್ರಿ!"

ನಾನು ಕೊಟ್ಟಿಗೆಗೆ ಹೋದೆ. ಕಾಕಾ ಬಿಸಿನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಕೆಂದಿಯ ಪಕ್ಕೆಗೆ ಹಣೆ ಆನಿಸಿ ಕೂತಿದ್ದರು. ಅದು ಒಮ್ಮೆ ನಡುಗಿತು, ಒದೆಯಲಿಲ್ಲ. ಹಳದಿ ಗಂಟುಗಟ್ಟಿದ ಹಾಲನ್ನು ಕೊನೆಯ ಹನಿಯವರೆಗೆ ಹಿಂಡಿದರು. ಎದ್ದು ಲೋಳೆಸರ ಕೊಯ್ದು, ಅರೆದು, ಕೆಚ್ಚಲಿಗೆ ಹಚ್ಚಿದರು. ಹಚ್ಚಿದ ಮೇಲೆ ಬಾಯಿ ತೆರೆದರು.

"ಇದೇನ್ ಕೊಟ್ಟಿಗ್ಯೋ, ಎಮ್ಮಿ ಬೀಳು ಹೊಂಡೋ? ತೋರ್ಸು ಕೈ! ಕೋರ್ಟಿನಾಗ ಬರೀತಿಯೋ, ಬಾವಿ ತೋಡತಿಯೋ?"

ಹಾದಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಹೊರಬಂತು. ಮುಗಿಯುವವರೆಗೆ ಕಾಯ್ದು ಕೇಳಿದೆ: "ಆ ನೇಮಾ ಸುಳ್ಳಂತ ನೀವ ಹೇಳಿದ್ರಿ, ಕಾಕಾ. ಮದ್ದರೆ ಇನ್ನೂ ಅರೆದಿದ್ದಿಲ್ಲ. ಮಾತಾಡಿದ್ರ ಕೆಡೂದರೆ ಏನಿತ್ತು?"

ಕಾಕಾ ಒಳಗಿನ ತೊಟ್ಟಿಲ ಕಡೆ ನೋಡಿದರು.

"ಅದು ಮಂದಿ ಆಕಳಿಗೆ ಸುಳ್ಳೋ ತಮ್ಮಾ," ಅಂದರು. "ಇದು ನಮ್ಮ ಕೂಸಿನ ಆಕಳು."

ಅವರು ಎಂಟು ದಿನ ನಮ್ಮಲ್ಲೇ ಉಳಿದರು. ಎರಡನೆಯ ದಿನ ಸಂಜೆ ಹಾಲನ್ನು ಅಂಗೈಯಲ್ಲಿ ಹಿಡಿದು ನೋಡಿ, ಮೂಸಿ, ಕಾಸಿ ಕೊಡಲು ಅಡ್ಡಿಯಿಲ್ಲ ಎಂದರು. ಕೆಂದಿಯ ನಾಲ್ಕು ಮೊಲೆಗಳಲ್ಲಿ ಒಂದು ಬತ್ತಿತು, ಮೂರು ಉಳಿದವು. ಕೂಸಿಗೆ ಮೂರು ಸಾಕಾದವು.