ಮೀನಿಗೆ ಬಹುವಚನ

ಮೀನಿಗೆ ಬಹುವಚನ ಕೊಟ್ಟದ್ದೇ ಗುಮಾಸ್ತ ಮಾಡಿದ ತಪ್ಪು. ತೆಪ್ಪಗೆ ಏಕವಚನದಲ್ಲಿ ಕರೆದಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ.

ಅವನ ಮನೆಯ ಹಾಲ್‌ನಲ್ಲಿ, ಸೋಫಾ ಇರಬೇಕಾದ ಜಾಗದಲ್ಲಿ, ಆರಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಅದರೊಳಗೆ ಗೇಣುದ್ದಕ್ಕಿಂತ ದೊಡ್ಡದಾದ ಒಂದೇ ಒಂದು ಸಿಕ್ಲಿಡ್ ಮೀನು. ಜಾತಿಯೇ ಜಗಳಗಂಟ ಜಾತಿ. ಜೊತೆಗೆ ಬಿಟ್ಟವರನ್ನೆಲ್ಲ ಕಚ್ಚಿ ಓಡಿಸಿ, ತೊಟ್ಟಿಯ ಮೂಲೆಮೂಲೆಯೂ ತನ್ನ ಅಪ್ಪನ ಆಸ್ತಿ ಎಂಬಂತೆ ಮೆರೆಯುತ್ತಿತ್ತು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪ ಬುಗುಟು, ಅದರ ಕೆಳಗೆ ಸದಾ ಬೈಯಲು ಸಿದ್ಧವಾಗಿರುವ ಬಾಯಿ. ತಂದ ದಿನವೇ ಗುಮಾಸ್ತ ಅದರ ಮುಖ ನೋಡಿ, "ಅರೆ, ಇದು ನಮ್ಮ ಸಾಹೇಬ!" ಎಂದಿದ್ದ. ಹೆಸರು ಅಂಟಿಕೊಂಡಿತು.

ಹೆಂಡತಿ ಮುಂದಾಲೋಚನೆಯವಳು. "ರೀ, ಮನೇಲಿ 'ಸಾಹೇಬ ತಿಂದ, ಸಾಹೇಬ ಮಲಗಿದ' ಅಂತ ಅಭ್ಯಾಸ ಆದ್ರೆ ನಾಳೆ ಆಫೀಸಲ್ಲೂ ಅದೇ ಬಾಯಿಗೆ ಬರುತ್ತೆ. ಮರ್ಯಾದೆ ಕೊಟ್ಟು ಮಾತಾಡಿ" ಎಂದಳು. ಅಂದಿನಿಂದ ಸಾಹೇಬ್ರು ಊಟ ಮಾಡಿದರು, ಸಾಹೇಬ್ರು ಮುನಿಸಿಕೊಂಡರು, ಸಾಹೇಬ್ರ ನೀರು ಬದಲಾಯಿಸಬೇಕಾಯಿತು.

ಮೂರು ವರ್ಷದಿಂದ ಗುಮಾಸ್ತನಿಗೆ ಇದ್ದದ್ದು ಒಂದೇ ಆಸೆ. ಈ ಮಹಾಶಯರಿಗೊಂದು ಜೋಡಿ ಸಿಗಬೇಕು, ತೊಟ್ಟಿಯ ತುಂಬ ಮರಿ ಆಗಬೇಕು. ಇಬ್ಬರು ಹೆಣ್ಣುಗಳು ಬಂದು, ರೆಕ್ಕೆಬಾಲ ಕಿತ್ತುಹೋಗಿ, ಕಣ್ಣುಮುಚ್ಚಿದ್ದರು. ಈ ಸಲ ಬಣ್ಣದ ಮೀನಿನ ಅಂಗಡಿಯವನು ಎಲ್ಲೆಲ್ಲೋ ಹುಡುಕಿ ದೊಡ್ಡ ಗಾತ್ರದ್ದೇ ಒಂದನ್ನು ತಂದುಕೊಟ್ಟು, "ಇದೂ ಹೋದ್ರೆ ಇನ್ನು ನನ್ನ ಹತ್ರ ಬರಬೇಡಿ" ಎಂದು ಕೈಮುಗಿದಿದ್ದ. ಅದಕ್ಕೆ ಅಮ್ಮಾವ್ರು ಎಂದು ಹೆಸರಾಯಿತು. ತೊಟ್ಟಿಯ ನಡುವೆ ಜಾಲರಿ ನಿಲ್ಲಿಸಿ, ಇಬ್ಬರೂ ಮುಖ ನೋಡಿಕೊಳ್ಳಬಹುದು, ಮೈ ಮುಟ್ಟುವಂತಿಲ್ಲ ಎಂಬ ಏರ್ಪಾಡಿನಲ್ಲಿ ಹದಿನೈದು ದಿನ ಕಳೆದವು.

ಹದಿನಾರನೆಯ ದಿನ ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಅವನ ಫೋನ್ ಬಡಿದುಕೊಂಡಿತು. ಜಾಲರಿ ಬಿದ್ದುಹೋಗಿತ್ತು.

ಹೆಂಡತಿಯ ಪಕ್ಕದಲ್ಲಿ ತೊಟ್ಟಿಯ ಗಾಳಿಪಂಪು ಗುರುಗುಡುತ್ತಿದ್ದುದರಿಂದ ಗುಮಾಸ್ತ ಕೂಗಿಯೇ ಮಾತಾಡಬೇಕಾಯಿತು.

"ಏನಂದೆ? ಸಾಹೇಬ್ರು ಅಮ್ಮಾವ್ರನ್ನ ಕಚ್ಚಿದ್ರಾ?"

ಪಕ್ಕದ ಮೇಜಿನ ಟೈಪಿಸ್ಟಕ್ಕನ ಬೆರಳುಗಳು ನಿಂತುಹೋದವು.

"ಬಾಯಿಗೆ ಬಾಯಿ ಹಾಕ್ಕೊಂಡು ಎಳೆದಾಡ್ತಿದ್ರೆ ಹೆದರಬೇಡ, ಪ್ರೀತಿ ಇದ್ರೂ ಹಾಗೆ ಮಾಡ್ತಾರೆ. ಮೂಲೆಗೆ ಒತ್ತಿ ಹೊಡೀತಿದ್ದಾರಾ? ಅಯ್ಯಯ್ಯೋ! ಮೊದಲು ಲೈಟ್ ಆರಿಸು. ಬಾಲ್ಕನೀಲಿ ಖಾಲಿ ಹೂಕುಂಡ ಇದೆಯಲ್ಲ, ತಂದು ಮಧ್ಯ ಹಾಕು. ಹೂಂ, ದೊಡ್ಡದೇ. ಸಾಹೇಬ್ರ ತಲೆ ಮೇಲೆ ಬಿದ್ರೂ ಬೀಳಲಿ, ಅಮ್ಮಾವ್ರ ಪ್ರಾಣ ಉಳಿದ್ರೆ ಸಾಕು!"

ಫೋನ್ ಇಟ್ಟಾಗ ಟೈಪಿಸ್ಟಕ್ಕ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. "ಸಾಹೇಬ್ರು ಇವತ್ತು ಇನ್ನೂ ಯಾಕೆ ಬಂದಿಲ್ಲ ಅಂತ ನಾನೂ ಯೋಚಿಸ್ತಿದ್ದೆ. ಎಲ್ಲಪ್ಪಾ ಇದು ನಡೀತಿರೋದು?"

"ನಮ್ಮ ಮನೇಲೇ ಅಕ್ಕ" ಎಂದುಬಿಟ್ಟ ಗುಮಾಸ್ತ, ಇನ್ನೂ ತೊಟ್ಟಿಯ ಧ್ಯಾನದಲ್ಲಿದ್ದವನು.

"ಜಗಳ ಆಡೋಕೆ ನಿಮ್ಮನೆಗೆ ಬಂದಿದ್ದಾರಾ?"

ಆಗ ಅವನಿಗೆ ಎಡವಟ್ಟು ಅರ್ಥವಾಯಿತು. ಮೀನಿನ ವಿಷಯ ಎನ್ನೋಣವೆಂದರೆ, ಮೀನಿಗೆ ಸಾಹೇಬರ ಹೆಸರು ಯಾಕೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಸಾಹೇಬರ ಹಣೆಯ ಮೇಲೇ ಇದೆ. "ಯಾರಿಗೂ ಹೇಳಬೇಡಿ ಅಕ್ಕ" ಎಂದು ಕೈಮುಗಿದ. ಹರಡಲು ಇನ್ನೇನು ಬೇಕು?

ಟೀ ತಂದ ಜವಾನನ ಕಿವಿಗೆ ಬಿದ್ದಾಗ ಸಾಹೇಬರು ಹೆಂಡತಿಯನ್ನು ಕಚ್ಚಿದ್ದರು. ಸುದ್ದಿ ಕಡತದ ಕೋಣೆ ತಲುಪುವಷ್ಟರಲ್ಲಿ ಹೂಕುಂಡ ಎತ್ತಿಹಾಕಿದ್ದರು. ಅಲ್ಲಿಂದ ವಾಪಸು ಬರುವಾಗ ಅಮ್ಮಾವ್ರಿಗೆ ಏಳು ಹೊಲಿಗೆ ಬಿದ್ದಿತ್ತು.

ಗುಮಾಸ್ತ ಇದ್ಯಾವುದನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಓಡಬೇಕು, ಆ ಹೆಣ್ಣನ್ನು ಉಳಿಸಬೇಕು. ಅರ್ಧ ದಿನದ ರಜೆ ಅರ್ಜಿ ಹಿಡಿದುಕೊಂಡು ಸಾಹೇಬರ ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಸಹಿ ಹಾಕುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ.

ಹನ್ನೆರಡಕ್ಕೆ ಅಸಲಿ ಸಾಹೇಬರು ಬಂದರು. ಕೆನ್ನೆ ಊದಿತ್ತು, ತುಟಿ ಸೊಟ್ಟಗಾಗಿತ್ತು, ಬಾಯಿಗೆ ಒತ್ತಿದ ಕರವಸ್ತ್ರದಲ್ಲಿ ರಕ್ತದ ಕಲೆ. ಹಲ್ಲು ಕೀಳಿಸಿಕೊಂಡು ಬಂದಿದ್ದರು ಪಾಪ. ಗುಮಾಸ್ತ ಚಾಚಿದ ಅರ್ಜಿಯನ್ನು ನೋಡದೆಯೇ ಒಳಗೆ ಹೋಗಿಬಿಟ್ಟರು.

"ಅಮ್ಮಾವ್ರೂ ಸುಮ್ನೆ ಬಿಟ್ಟಿಲ್ಲ" ಎಂದು ಜವಾನ ಪಿಸುಗುಟ್ಟಿದ.

ಟೈಪಿಸ್ಟಕ್ಕನದು ಮೃದು ಹೃದಯ. ಅವಳು ನೇರವಾಗಿ ಸಾಹೇಬರ ಮನೆಗೇ ಫೋನ್ ಮಾಡಿ, "ಅಮ್ಮಾವ್ರೇ, ಹೊಲಿಗೆ ಹಾಕಿದ ಕಡೆ ತುಂಬಾ ನೋಯ್ತಿದೆಯಾ?" ಎಂದು ಕೇಳಿದಳು. ಅರ್ಧ ಗಂಟೆಯಲ್ಲಿ ಅಸಲಿ ಅಮ್ಮಾವ್ರು ಆಫೀಸಿನಲ್ಲಿದ್ದರು. ಎಲ್ಲರೂ ಎದ್ದುನಿಂತು ನಮಸ್ಕಾರ ಮಾಡುತ್ತ ಹೊಲಿಗೆ ಎಲ್ಲಿದೆ ಎಂದು ಹುಡುಕಿದರು. ಐದು ನಿಮಿಷಕ್ಕೆ ಗುಮಾಸ್ತನಿಗೆ ಕರೆ ಬಂತು.

"ನಾನು ಕಚ್ಚೋನೇನ್ರೀ?" ಸಾಹೇಬರು ಹತ್ತಿಯುಂಡೆ ಕಚ್ಚಿಕೊಂಡೇ ಗುಡುಗಿದರು. "ನಾನು ಹೂಕುಂಡ ಹಾಕೋನಾ?"

"ನೀವಲ್ಲ ಸಾರ್" ಎಂದ ಗುಮಾಸ್ತ. "ಮೀನು ಸಾರ್."

ಎಲ್ಲವನ್ನೂ ಹೇಳಿದ. ಸಾಹೇಬರು ಮುಂದಕ್ಕೆ ಬಾಗಿದರು. "ಮೀನಿಗೆ ನನ್ನ ಹೆಸರು ಯಾಕೆ?"

ಬಾಗಿದ್ದರಿಂದ ಅವರ ಹಣೆ ಇವನ ಕಣ್ಣ ಮುಂದೆಯೇ ಬಂದು ಫಳಫಳಿಸಿತು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಗುಮಾಸ್ತ ಅದನ್ನು ನುಂಗಿಕೊಂಡ.

"ಅದರ ಗತ್ತು ಸಾರ್! ಏನು ಠೀವಿ, ಏನು ಗಾಂಭೀರ್ಯ! ಗಂಡು ಅಂದ್ರೆ ಹೀಗಿರಬೇಕು ಸಾರ್. ನೋಡಿದ ತಕ್ಷಣ ನಿಮ್ಮದೇ ನೆನಪಾಯ್ತು."

ಸಾಹೇಬರ ಮುಖದಲ್ಲಿ ಊದದ ಅರ್ಧ ಅರಳಿತು. ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಅಂಥಾ ಗಂಡನ್ನ ನಾನೂ ಒಂದ್ಸಲ ನೋಡ್ಬೇಕಲ್ಲ" ಎಂದರು ಅಮ್ಮಾವ್ರು.

"ಎಲ್ಲರೂ ನೋಡ್ಲಿ" ಎಂದರು ಸಾಹೇಬರು. ಟೈಪಿಸ್ಟಕ್ಕನನ್ನೂ ಜವಾನನನ್ನೂ ಕರೆಸಿ, "ಅದು ಮೀನು. ಗಂಡುಮೀನು. ಗತ್ತು ನೋಡಿ ನನ್ನ ಹೆಸರು ಇಟ್ಟಿದ್ದಾರೆ. ನಡೀರಿ, ಕಣ್ಣಾರೆ ಕಂಡು ಬಂದು ಎಲ್ಲರಿಗೂ ಹೇಳಿ" ಎಂದು ಅಪ್ಪಣೆ ಕೊಡಿಸಿದರು. ಐದೂ ಜನ ಕಾರಿನಲ್ಲಿ ಒತ್ತಿಕೊಂಡು ಕುಳಿತರು. ದಾರಿಯುದ್ದಕ್ಕೂ ಸಾಹೇಬರು ಗಂಡುಮೀನಿನ ಪರಾಕ್ರಮ ಕೇಳಿದ್ದೇ ಕೇಳಿದ್ದು. ಗುಮಾಸ್ತ ಹೊಗಳಿದ್ದೇ ಹೊಗಳಿದ್ದು. ಒಳಗೊಳಗೇ ಮಾತ್ರ, ಆ ಹೆಣ್ಣು ಬದುಕಿದೆಯೋ ಇಲ್ಲವೋ ಎಂದು ಜೀವ ಹಿಡಿಯಾಗಿತ್ತು.

ಬಾಗಿಲು ತಟ್ಟಿದ. ಮೊಣಕೈವರೆಗೆ ಒದ್ದೆಯಾಗಿದ್ದ ಹೆಂಡತಿ ತೆರೆದಳು. ಮೆಟ್ಟಿಲ ತಿರುವಿನಲ್ಲಿದ್ದ ಪರಿವಾರ ಅವಳಿಗೆ ಕಾಣಲಿಲ್ಲ.

"ರೀ, ಅಮ್ಮಾವ್ರಿಗೆ ಏನೂ ಆಗಿಲ್ಲ! ಹೂಕುಂಡ ಹಾಕಿದ್ದೇ ತಡ, ಜಗಳ ನಿಂತೋಯ್ತು. ಈಗ ನೋಡಿದ್ರೆ ಕುಂಡದ ಮೈತುಂಬ ಮೊಟ್ಟೆ!"

ಗುಮಾಸ್ತನ ಕಣ್ಣು ತುಂಬಿಬಂತು. ಮೂರು ವರ್ಷ! ಆಫೀಸು, ಸಾಹೇಬರು, ರಜೆ, ಎಲ್ಲ ಮರೆತುಹೋಯಿತು. ಅವಳ ಒದ್ದೆ ಕೈ ಹಿಡಿದುಕೊಂಡು, "ನಿಜವಾಗ್ಲೂ? ಅಮ್ಮಾವ್ರು ಮೊಟ್ಟೆ ಇಟ್ರಾ?" ಎಂದ.

"ಅಮ್ಮಾವ್ರೂ ಇಟ್ರು" ಎಂದಳು ಹೆಂಡತಿ. "ಮೊದಲು ಇಟ್ಟಿದ್ದು ಸಾಹೇಬ್ರು."

ಎರಡೂ ಹೆಣ್ಣು, ಈ ಮೊಟ್ಟೆಗಳಿಂದ ಮರಿ ಬರುವ ಮಾತೇ ಇಲ್ಲ ಎಂಬುದು ಗುಮಾಸ್ತನ ತಲೆಗೆ ಹೊಳೆಯುವಷ್ಟರಲ್ಲಿ ಹಿಂದಿನಿಂದ ಜವಾನ ಕೆಮ್ಮಿದ. ಆಮೇಲೆ ಟೈಪಿಸ್ಟಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಅಮ್ಮಾವ್ರು ಮಾತ್ರ ನಗಲಿಲ್ಲ. ಗಂಡನ ಮೀಸೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಬನ್ನಿ, ಒಳಗೆ ಹೋಗೋಣ" ಎಂದರು. "ಬಾಣಂತೀನ ಹೀಗೆಲ್ಲ ನಿಲ್ಲಿಸಬಾರದು."