ಹಿಂಗಾಲಿನ ಅಹವಾಲು

ಈ ಕತೆ ಸುಳ್ಳೆನ್ನುವವರು ಮೈದಾನದ ಮೂಲೆಯಲ್ಲಿರುವ ಕಲ್ಲನ್ನು ಹೋಗಿ ಕೇಳಬಹುದು. ಕಲ್ಲು ಮಾತಾಡುವುದಿಲ್ಲ, ನಿಜ. ಆದರೆ ಮಾತಾಡಿಸುತ್ತದೆ.

ಬೆಳಿಗ್ಗೆ ಇಸ್ತ್ರಿಯಪ್ಪ ತನ್ನ ಅಂಗಡಿಯಲ್ಲಿ ಬಿಳಿ ಅಂಗಿಯೊಂದರ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದಾಗ ಎದುರಂಗಡಿಯ ಕ್ಷೌರಿಕ ನುಗ್ಗಿದ. ಅವನಿಗೆ ಎರಡು ಕಸುಬು: ಗಿರಾಕಿಯ ತಲೆ ಹಗುರ ಮಾಡುವುದು, ಹಗುರಾದ ತಲೆಗೆ ಸುದ್ದಿ ತುಂಬುವುದು.

"ಸಂಜೆ ಗಡಿಯಾರದಣ್ಣನ ಸ್ಮಾರಕದ ಪರದೆ ತೆಗೀತಾರೆ. ಕಲ್ಲಿನ ಮೇಲೆ ಏನಿದೆ ಗೊತ್ತಾ?" ಎಂದವನೇ ಮೂಗು ಹಿಡಿದು, ನಾಟಕ ಸಮಿತಿಯ ಟೀಚರಮ್ಮನ ದನಿ ತೆಗೆದ: "'ಕುರುಡು ಹಿಂಗಾಲನ್ನು ಗುರಿ ಮುಟ್ಟಿಸಿದ ಚಾಣಾಕ್ಷ ಮುಂಗಾಲು! ಆ ಪ್ರಸಿದ್ಧ ಒದೆಯ ಏಕೈಕ ಕರ್ತೃ!'"

ಇಸ್ತ್ರಿಯಪ್ಪನ ಕೈ ಅಲ್ಲೇ ನಿಂತಿತು. ಪೆಟ್ಟಿಗೆಯೂ ನಿಂತಿತು.

ಸಂಗತಿ ಇಷ್ಟು. ವರ್ಷಕ್ಕೊಮ್ಮೆ ಊರಿನವರೇ ಸೇರಿ ಊರಿನ ಚರಿತ್ರೆಯನ್ನು ಮೈದಾನದಲ್ಲಿ ಆಡಿ ತೋರಿಸುತ್ತಿದ್ದರು. ಕೋಟೆಗೆ ಮುತ್ತಿಗೆ ಹಾಕಿದ ಸೇನಾಪತಿ, ಅವನನ್ನು ಓಡಿಸಿದ ರಾಣಿ, ರಾಣಿಯ ಕುದುರೆ. ಕುದುರೆಯೆಂದರೆ ಕಂದು ಬಟ್ಟೆ. ಒಳಗೆ ಮುಂದೆ ಗಡಿಯಾರ ರಿಪೇರಿಯ ಗಡಿಯಾರದಣ್ಣ, ಹಿಂದೆ ಸೊಂಟ ಬಗ್ಗಿಸಿಕೊಂಡು ಇಸ್ತ್ರಿಯಪ್ಪ. ಇಪ್ಪತ್ತು ವರ್ಷ ಇಬ್ಬರದೂ ಬಿಟ್ಟಿ ಸೇವೆ. ಆಟ ಮುಗಿದೊಡನೆ ಗಡಿಯಾರದಣ್ಣ ಕುದುರೆಯ ತಲೆ ಕಳಚಿ, ತನ್ನ ತಲೆ ತೋರಿಸಿ, ಚಪ್ಪಾಳೆ ಗಿಟ್ಟಿಸುತ್ತಿದ್ದ. ಇಸ್ತ್ರಿಯಪ್ಪನ ಗುಂಡಿಗಳು ಹೊರಗೆ, ಬೆನ್ನ ಮೇಲೆ. ಯಾರೋ ಪುಣ್ಯಾತ್ಮರು ನೆನಪಾಗಿ ಬಿಚ್ಚುವಷ್ಟರಲ್ಲಿ ಮೈದಾನದಲ್ಲಿ ಕಡಲೆಕಾಯಿ ಸಿಪ್ಪೆ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಜನ ಬರುತ್ತಿದ್ದದ್ದು ಮಾತ್ರ ಒದೆ ನೋಡಲು. ಸೇನಾಪತಿ ಲಗಾಮಿಗೆ ಕೈ ಹಾಕಿ ಸೋತು, ಕುದುರೆಯ ಹಿಂದಿನಿಂದ ಓಡಿಹೋಗುವಾಗ ಕುದುರೆ ಗಾಳಿಗೆ ಒದೆಯಬೇಕು, ನಾಟಕದಲ್ಲಿರುವುದು ಅಷ್ಟೇ. ಆದರೆ ಪ್ರತಿ ವರ್ಷವೂ ಒದೆ ಸೇನಾಪತಿಯ ಪೃಷ್ಠಕ್ಕೇ ಬೀಳುತ್ತಿತ್ತು. ಸೇನಾಪತಿಯಾಗುತ್ತಿದ್ದವನು ಬೇಕರಿ ಯಜಮಾನ. ಆಮೇಲೆ ವಾರಗಟ್ಟಲೆ ಗಲ್ಲಾಪೆಟ್ಟಿಗೆಯ ಹಿಂದೆ ದಿಂಬಿನ ಮೇಲೆ ಕೂತು ಬನ್ನು ಮಾರುತ್ತಿದ್ದ. "ಹಿಂದಿರೋನಿಗೆ ಒಳಗೆ ಏನೂ ಕಾಣಲ್ಲ ಸ್ವಾಮಿ. ನಾನು ಹಗ್ಗ ಎಳೆದಾಗ ಕಾಲೆತ್ತುತ್ತಾನೆ. ತಪ್ಪು ನಂದು" ಎಂದು ಗಡಿಯಾರದಣ್ಣ ಪ್ರತಿ ಸಲವೂ ಕೈ ಮುಗಿಯುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ. ಈಗ ಸ್ಮಾರಕ.

"ಕುರುಡು? ನಾನು ಕುರುಡು?" ಇಸ್ತ್ರಿಯಪ್ಪ ಕೂಗಿದ. "ಯಾವ ಕುದುರೆಯಾದ್ರೂ ಮುಂಗಾಲಲ್ಲಿ ಹಿಂದಕ್ಕೆ ಒದ್ದಿದ್ದು ನೋಡಿದ್ಯೇನೋ?"

ಒಳಗಿನಿಂದ ಹೆಂಡತಿ ಬಂದಳು. "ಸತ್ತೋರ ಮೇಲೆ ಹೊಟ್ಟೆಕಿಚ್ಚೇನ್ರೀ?"

"ಹೊಟ್ಟೆಕಿಚ್ಚಲ್ಲ ಕಣೇ, ನ್ಯಾಯ!"

"ನ್ಯಾಯ ಆಮೇಲೆ ಕೇಳೋರಂತೆ. ಮೊದಲು ಅಂಗಿ ಮೇಲಿಂದ ಪೆಟ್ಟಿಗೆ ಎತ್ತಿ."

ಅಂಗಿಯ ಬೆನ್ನಿಗೆ ದೋಣಿಯಾಕಾರದ ಕಂದು ಮುದ್ರೆ ಬಿದ್ದಿತ್ತು. ಅಂಗಿ ಬೇಕರಿ ಯಜಮಾನನದು.

ಸಮಿತಿಯ ಕೋಣೆಯಲ್ಲಿ ಟೀಚರಮ್ಮ ಪರದೆಗೆ ರಿಬ್ಬನ್ನು ಕಟ್ಟುತ್ತಿದ್ದರು.

"ಟೀಚರ್, ಒದ್ದೋನು ನಾನು!"

"ನೀವು ಕಾಲೆತ್ತಿದ್ರಿ, ಅಷ್ಟೇ. ಎತ್ತು ಅಂದಾಗ ಎತ್ತೋದು ಕಲೆ ಅಲ್ಲ ಕಣಪ್ಪಾ, ಅದನ್ನ ರೈಲ್ವೆ ಗೇಟೂ ಮಾಡುತ್ತೆ. ಕತ್ತಲಲ್ಲಿ ಬಗ್ಗಿರೋರಿಗೆ ಗುರಿ ಎಲ್ಲಿಂದ ಬರ್ಬೇಕು, ಹೇಳಿ?"

ಇಸ್ತ್ರಿಯಪ್ಪ ಬಾಯಿ ತೆರೆದ. ಏನೋ ನೆನಪಾಗಿ ಮುಚ್ಚಿದ. ಬಿಸಿ ಪೆಟ್ಟಿಗೆಯ ಮೇಲೆ ನೀರು ಬಿದ್ದಂತೆ ಮೂಗಿನಿಂದ 'ಚುಂಯ್' ಎಂದಷ್ಟೇ ಸದ್ದು ಬಂತು.

ಅವನು ಬೀದಿಗೆ ಇಳಿಯುವ ಮೊದಲೇ ಹೊಸ ಹೆಸರು ಬೀದಿಗೆ ಇಳಿದಿತ್ತು. "ಗೇಟಪ್ಪಾ, ಸ್ವಲ್ಪ ಎತ್ಕೋ, ಗಾಡಿ ಹೋಗ್ಬೇಕು" ಎಂದ ಹಾಲಿನವನು. ತರಕಾರಿಯವಳು ರೈಲಿನಂತೆ ಕೂಗಿದಳು. ಇಪ್ಪತ್ತು ವರ್ಷ ಬೆವರಿನಲ್ಲಿ ಬೆಂದು, ಕಂದು ಬಟ್ಟೆಯ ನೂಲು ನುಂಗಿ, ಕೊನೆಗೆ ದಕ್ಕಿದ್ದು ಇದು! ಮಧ್ಯಾಹ್ನ ಅವನು ಅನ್ನ ಮುಟ್ಟಲಿಲ್ಲ. ಸಿಟ್ಟೇ ಹೊಟ್ಟೆ ತುಂಬಾ ಇತ್ತು.

ಸಂಜೆ ಮೈದಾನ ತುಂಬಿತು. ಪರದೆ ಸರಿಯಿತು. ಕ್ಷೌರಿಕ ಹೇಳಿದ ಅಕ್ಷರಗಳೇ ಅಲ್ಲಿದ್ದವು: ಕುರುಡು ಹಿಂಗಾಲು. ಬೇಕರಿ ಯಜಮಾನ ಮೈಕು ಹಿಡಿದ.

"ನಮ್ಮ ಹಿಂಗಾಲು ಪಾಪ, ಮುಗ್ಧ ಪ್ರಾಣಿ. ಅದರ ಜಾಗದಲ್ಲಿ ಎರಡು ಬಿದಿರು ಕೋಲು ಕಟ್ಟಿದ್ರೂ ನಡೀತಿತ್ತು. ಗುರಿಯೆಲ್ಲ ಗಡಿಯಾರದಣ್ಣಂದು."

ಬಿದಿರು ಕೋಲು! ಇಸ್ತ್ರಿಯಪ್ಪ ಯಾರ ಕಾಲು ತುಳಿದನೋ, ಯಾವ ಕುರ್ಚಿ ಹಾರಿದನೋ, ವೇದಿಕೆಯ ಮೇಲಿದ್ದ. ಮೈಕು ಅವನ ಕೈಯಲ್ಲಿತ್ತು.

"ಗುರಿ ನಂದು! ನನಗೆ ಎಲ್ಲಾ ಕಾಣ್ತಿತ್ತು! ತೊಡೆ ಹತ್ರ ಬಟ್ಟೆಗೆ ತೂತು ಮಾಡಿ, ಕಂಕುಳ ಸಂದಿಯಿಂದ ಇಣುಕಿ, ನೋಡ್ಕೊಂಡೇ ಒದೀತಿದ್ದೆ! ಒಂದು ವರ್ಷ ಎಡಕ್ಕೆ, ಒಂದು ವರ್ಷ ಬಲಕ್ಕೆ. ಒಂದೇ ಕಡೆ ಬಿದ್ರೆ ಅನುಮಾನ ಬರುತ್ತಲ್ಲಾ! ಗಡಿಯಾರದಣ್ಣ 'ಬೇಡ ಕಣೋ, ಪಾಪ ಕಣೋ' ಅಂತ ಬೇಡ್ಕೊಳ್ತಿದ್ದ. ಹಗ್ಗಾನೂ ಇಲ್ಲ, ಗಿಗ್ಗಾನೂ ಇಲ್ಲ! ಅದು ನನ್ನ ಕಲೆ!"

ಒಲೆಯಿಂದ ಹೊರಬಂದ ಬನ್ನಿನಂತೆ ಬೇಕರಿ ಯಜಮಾನನ ಮುಖ ಉಬ್ಬಿ ಹೊಳೆಯಿತು.

"ನಿನ್ನ ಬಾಯಿಂದಾನೇ ಬರ್ಲಿ ಅಂತ ಕಾದಿದ್ದೆ. ಅಷ್ಟು ಸಾಕು" ಎಂದು ಅವನು ಕಲ್ಲಿನತ್ತ ನಡೆದು ಅಕ್ಷರಗಳ ಅಂಚಿಗೆ ಉಗುರು ಹಾಕಿ ಎಳೆದ. ಅದು ಕಲ್ಲಿನ ಬಣ್ಣ ಬಳಿದ ರಟ್ಟು! ಅದರಡಿಯಲ್ಲಿ ನಿಜವಾದ ಕೆತ್ತನೆ: 'ಗಡಿಯಾರದಣ್ಣ. ಕುದುರೆಯ ಮುಂಗಾಲು. ಹಿಂದಿದ್ದವನನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.'

"ಅವನ ಆಸ್ಪತ್ರೆ ಮಂಚದ ಹತ್ರ ಕೂತು, ಗುರಿ ಇಟ್ಟೋನು ಯಾರು ಅಂತ ಕೇಳಿದ್ದೆ" ಎಂದ ಬೇಕರಿ ಯಜಮಾನ. "'ಹಗ್ಗ ಎಳೆದೋನು ನಾನೇ' ಅಂತ ಹೇಳ್ತಾನೇ ಹೋದ, ಮಹಾರಾಯ."

ಇಸ್ತ್ರಿಯಪ್ಪ ಮೈಕನ್ನು ಕೆಳಗಿಳಿಸಿದ. ಕೆಳಗೆ ನೋಡಿದರೆ ಕ್ಷೌರಿಕ ಬೆನ್ನು ತಿರುಗಿಸಿ, ನಗು ತಡೆಯಲಾಗದೆ ಭುಜ ಕುಣಿಸುತ್ತಿದ್ದ. ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

"ನೀನೂನಾ?"

"ಕುದುರೆ ಬಟ್ಟೆ ಒಗೆಯೋಳು ನಾನಲ್ವೇನ್ರೀ? ಪ್ರತಿ ವರ್ಷ ಆ ತೂತು ಹೊಲಿದೂ ಹೊಲಿದೂ ಸಾಕಾಗಿತ್ತು!"

ಟೀಚರಮ್ಮ ಮೈಕು ಕಿತ್ತುಕೊಂಡರು. "ಆದ್ರೂ ಇಸ್ತ್ರಿಯಪ್ಪನವರ ಅಹವಾಲಲ್ಲಿ ನ್ಯಾಯ ಇದೆ. ಇಪ್ಪತ್ತು ವರ್ಷ ಮುಖ ತೋರಿಸದೆ ದುಡಿದವರು. ಈ ವರ್ಷದಿಂದ ಅವರೇ ಸೇನಾಪತಿ! ಮುಖಕ್ಕೆ ಬಣ್ಣ, ತಲೆಗೆ ಶಿರಸ್ತ್ರಾಣ, ಎದುರಿಗೆ ಇಡೀ ಊರು!"

ಚಪ್ಪಾಳೆ ಬಿತ್ತು. ಜೀವಮಾನದ ಮೊದಲ ಚಪ್ಪಾಳೆ. ಇಸ್ತ್ರಿಯಪ್ಪ ಎದೆಯುಬ್ಬಿಸಿ, ಕೈ ಮುಗಿದು, ನಾಲ್ಕೂ ದಿಕ್ಕಿಗೆ ಮುಖ ತೋರಿಸಿದ. ಆಮೇಲೆ ಹೊಳೆಯಿತು.

"ಹಂಗಾದ್ರೆ... ಹಿಂಗಾಲಿಗೆ ಯಾರು?"

ಬೇಕರಿ ಯಜಮಾನ ನಿಧಾನವಾಗಿ ಪ್ಯಾಂಟಿನ ಕಾಲು ಮಡಚತೊಡಗಿದ. ಒಳಗಿಂದ ದೊಡ್ಡ ಬ್ರೆಡ್ಡಿನಂಥ ಮೀನಖಂಡ ಹೊರಬಂತು. "ತೂತು ಸ್ವಲ್ಪ ದೊಡ್ಡದು ಮಾಡಿಸ್ಬೇಕಮ್ಮಾ" ಎಂದ ಇಸ್ತ್ರಿಯಪ್ಪನ ಹೆಂಡತಿಗೆ, "ನನ್ನ ಕಣ್ಣು ಮಂಜು."

ಮೈದಾನ ಬಿದ್ದು ಬಿದ್ದು ನಕ್ಕಿತು. ಇಸ್ತ್ರಿಯಪ್ಪ ಆ ಕಾಲನ್ನು ನೋಡಿದ, ಕಲ್ಲನ್ನು ನೋಡಿದ. ಅವನ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಹೋಗಿ ಪೃಷ್ಠಕ್ಕೆ ಕಾವಲು ನಿಂತವು. ಹೊಟ್ಟೆಯೊಳಗೆಲ್ಲೋ ಹುಟ್ಟಿದ ನಗು ಎದೆ ದಾಟಿ, ಗಂಟಲು ಒಡೆದು, ಊರೆಲ್ಲರ ನಗುವನ್ನೂ ಮುಳುಗಿಸಿ ಹೊರಬಂತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತ ಅವನು ಕೂಗಿದ:

"ಒಂದು ಕುರ್ಚಿ ತನ್ರೋ! ಕೂರೋಕಾಗೋವಾಗ್ಲೇ ಕೂತ್ಕೊಂಡ್ಬಿಡ್ತೀನಿ!"